ಅಡಿಯಿಂದ ಮುಡಿಗೆ: ಕಲ್ಗೋರಿಯಿಂದ ಕಲಶದವರೆಗೆ ಪದಗಳನ್ನು ಕಲ್ಲಿನ ಮುಂದೆಯೇ ಕಲಿಯುವ ಬಗೆ

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಮುಂದೆ ನಿಂತು ಮೇಲಕ್ಕೆ ಕೈ ಮಾಡಿ ‘ಗೋಪುರ ನೋಡಿ’ ಎನ್ನುವವರೇ ಹೆಚ್ಚು. ಅವರು ತೋರಿಸುವುದು ಗೋಪುರವನ್ನಲ್ಲ, ವಿಮಾನವನ್ನು, ಅಂದರೆ ಗರ್ಭಗೃಹದ ಮೇಲೆ ಕಲಶದವರೆಗೆ ಎದ್ದ ಕಟ್ಟಡವನ್ನು. ಗೋಪುರ ಇರುವುದು ಬಾಗಿಲ ಮೇಲೆ. ಅದನ್ನು ನೋಡಬೇಕೆಂದರೆ ಪೌಳಿಗೋಡೆಯ ಪೂರ್ವದ ಬಾಗಿಲಿಗೆ ಹೋಗಬೇಕು. ಅಲ್ಲಿರುವುದೂ ಕುಳ್ಳಗಿನದು, ಯಾರೂ ತಲೆಯೆತ್ತಿ ನೋಡದಂಥದ್ದು. ವಿಜಯನಗರ ಕಾಲದ ಎತ್ತರದ ಗೋಪುರಗಳಿಗೆ ಒಗ್ಗಿದ ಕಣ್ಣು ಎತ್ತರಕ್ಕಿರುವುದನ್ನೆಲ್ಲ ಗೋಪುರ ಅನ್ನುತ್ತದೆ.

ಪದಕೋಶ ತೆರೆದು ಕುಮುದ, ಕಪೋತ, ಗ್ರೀವ ಎಂದು ಬಾಯಿಪಾಠ ಮಾಡಿದರೆ ವಾರ ಕಳೆಯುವುದರೊಳಗೆ ಎಲ್ಲ ಕಲಸುಮೇಲೋಗರ. ಕಲ್ಲಿನ ಮುಂದೆ ನಿಂತು ಮೊದಲು ಆಕಾರ ಬರೆದುಕೊಂಡು, ಅದು ಮಾಡುವ ಕೆಲಸವೇನು ಎಂದು ಕೇಳಿಕೊಂಡು, ಆಮೇಲೆ ಪದ ಹಚ್ಚಿದರೆ ಅದು ಉಳಿಯುತ್ತದೆ. ಇಲ್ಲಿ ಹೇಳಿರುವುದು ಆ ಕ್ರಮ. ಉದಾಹರಣೆಗಳು ಹೆಚ್ಚಾಗಿ ಕೊಪ್ಪಳ, ಬಳ್ಳಾರಿ, ಕಲಬುರಗಿ, ಬಾಗಲಕೋಟೆ ಜಿಲ್ಲೆಗಳವು.

ಕೈಯಲ್ಲಿ ಏನಿರಬೇಕು

ಗೆರೆಯಿಲ್ಲದ ನೋಟ್‌ಬುಕ್, ಪೆನ್ಸಿಲ್, ದಿಕ್ಸೂಚಿ (ಫೋನಿನದೇ ಸಾಕು), 3 ಮೀಟರಿನ ಟೇಪು, ಫೋಟೋದಲ್ಲಿ ಅಳತೆಗೆ ಇಡಲು 10 ಸೆಂ.ಮೀ. ಪಟ್ಟಿ, ಸಣ್ಣ ಟಾರ್ಚು. ಟಾರ್ಚನ್ನು ನೇರ ಎದುರಿನಿಂದ ಬಿಟ್ಟರೆ ಉಬ್ಬುತಗ್ಗು ಮಾಯವಾಗುತ್ತದೆ. ಪಕ್ಕದಿಂದ, ಗೋಡೆಗೆ ಹೆಚ್ಚುಕಡಿಮೆ ಒರಗಿಸಿದಂತೆ ಬೆಳಕು ಬಿಡಿ. ಬಿಸಿಲಿಗೂ ಇದೇ ಮಾತು: ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ. ನಡುಹಗಲಿನ ಫೋಟೋದಲ್ಲಿ ಅಧಿಷ್ಠಾನದ (ಗುಡಿಯ ಬುಡದ ಪೀಠದ) ಪಟ್ಟಿಗಳೆಲ್ಲ ಒಂದೇ ಬಣ್ಣದ ಗೋಡೆಯಾಗಿ ಕಾಣುತ್ತವೆ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕು, ಕೈಯಲ್ಲಿ ಹಿಡಿದೇ ತೆಗೆಯುವ ಅಭ್ಯಾಸ ಒಳ್ಳೆಯದು.

ಊರವರು ಕರೆಯುವ ಹೆಸರನ್ನು ಬೇರೆ ಸಾಲಿನಲ್ಲಿ ಬರೆಯಿರಿ

ಮೊದಲ ಎಡವಟ್ಟು ಆಗುವುದು ಹೆಸರಿನಿಂದಲೇ. ಐಹೊಳೆಯ ದುರ್ಗ ಗುಡಿಗೂ ದುರ್ಗಾದೇವಿಗೂ ಸಂಬಂಧವಿಲ್ಲ, ಪಕ್ಕದಲ್ಲಿದ್ದ ಕೋಟೆಯಿಂದ, ಅಂದರೆ ದುರ್ಗದಿಂದ ಬಂದ ಹೆಸರದು. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದು ಅಲ್ಲಿ ವಾಸವಿದ್ದವನಿಂದ. ಹಿರೇಬೆಣಕಲ್ಲಿನ ಬೃಹತ್ ಶಿಲಾ ಕಟ್ಟಡಗಳನ್ನು ಸುತ್ತಲಿನವರು ಮೊರೆಯರ ಮನೆ ಎನ್ನುತ್ತಾರೆ, ಬೇರೆ ಕಡೆ ಇಂಥವೇ ಪಾಂಡವರ ಗುಡಿಯಾಗುತ್ತವೆ. ಹಂಪಿ ಬಳಿಯ ನಿಂಬಾಪುರದ ಬೂದಿದಿಬ್ಬ ಜನರ ಬಾಯಲ್ಲಿ ವಾಲಿಯನ್ನು ಸುಟ್ಟ ಜಾಗ. ಈ ಹೆಸರುಗಳನ್ನು ಬಿಸಾಡಬೇಡಿ, ಜನ ಆ ಜಾಗವನ್ನು ಹೇಗೆ ಕಂಡರು ಅನ್ನುವುದಕ್ಕೆ ಅವೇ ದಾಖಲೆ. ಆದರೆ ಕಟ್ಟಡದ ಬಗೆ ಹೇಳುವ ಸಾಲಿನಲ್ಲಿ ಅವು ನುಸುಳಬಾರದು.

‘ಜಕಣಾಚಾರಿ ಕಟ್ಟಿದ್ದು’ ಎಂಬ ಮಾತೂ ಈ ಸಾಲಿಗೇ ಸೇರಬೇಕು. ಪಾಪ, ಕರ್ನಾಟಕದ ಅರ್ಧ ಗುಡಿಗಳನ್ನು ಅವನ ಲೆಕ್ಕಕ್ಕೇ ಬರೆದಿದ್ದಾರೆ. ವಿರೂಪಾಕ್ಷ ಗುಡಿಯ ಶಾಸನದಲ್ಲಿ ಶಿಲ್ಪಿಯ ಹೆಸರೇ ಇದೆ: ಗುಂಡನ್ ಅನಿವಾರಿತಾಚಾರಿ, ತ್ರಿಭುವನಾಚಾರಿ ಎಂಬ ಬಿರುದಿನವನು.

ಬಂಡೆಯ ಮೇಲಿನ ಚಿತ್ರ: ಬಳಿದದ್ದೋ, ಕುಟ್ಟಿದ್ದೋ

ಆದಿಮ ಕಲೆಯ ಪದಗಳಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದದ್ದು ಇದು. ವರ್ಣಚಿತ್ರ ಎಂದರೆ ಬಂಡೆಗೆ ಬಣ್ಣ ಸೇರಿಸಿದ್ದು. ಹಿರೇಬೆಣಕಲ್ಲಿನ ಬಂಡೆಯಾಸರೆಗಳಲ್ಲಿ ಕೆಮ್ಮಣ್ಣಿನ ಕಾವಿಯಲ್ಲಿ ಬಳಿದ ಮನುಷ್ಯರು, ಪ್ರಾಣಿಗಳು ಇರುವುದು ಈ ಬಗೆ. ಕುಟ್ಟುಚಿತ್ರ ಎಂದರೆ ಬಂಡೆಯಿಂದ ತೆಗೆದದ್ದು. ಬಳ್ಳಾರಿ ಬಳಿಯ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡದ ಡಾಲರೈಟ್ ಎಂಬ ಕರಿಗಲ್ಲಿನ ಬಂಡೆಗಳ ಮೇಲೆ ಗೂಳಿಗಳ ಸಾಲೇ ಇದೆ, ಎಲ್ಲವೂ ಇನ್ನೊಂದು ಕಲ್ಲಿನಿಂದ ಕುಟ್ಟಿ ಮಾಡಿದವು. ಬಂಡೆಯ ಮೈ ಗಾಳಿಮಳೆಗೆ ಕಪ್ಪಿಟ್ಟಿರುತ್ತದೆ. ಕುಟ್ಟಿದಾಗ ಆ ತೆಳುಪದರ ಹೋಗಿ ಒಳಗಿನ ತಿಳಿಬಣ್ಣ ಮೇಲೆ ಬರುತ್ತದೆ. ಕಾಲ ಕಳೆದಂತೆ ಆ ಜಾಗವೂ ಮತ್ತೆ ಕಪ್ಪಾಗುತ್ತ ಹೋಗುತ್ತದೆ.

ಇದರಿಂದ ಒಂದು ಉಪಯೋಗವಿದೆ. ಒಂದೇ ಬಂಡೆಯ ಮೇಲೆ, ಒಂದೇ ಬಿಸಿಲಿಗೆ ಮೈಯೊಡ್ಡಿದ ಎರಡು ಗೂಳಿಗಳಲ್ಲಿ ಒಂದು ಬಂಡೆಯ ಬಣ್ಣಕ್ಕೇ ತಿರುಗಿದ್ದು ಇನ್ನೊಂದು ಬೂದುಬಿಳುಪಾಗಿದ್ದರೆ ಬಿಳುಪಿನದು ಈಚಿನದು. ಬೇರೆ ಬೇರೆ ಬಂಡೆಗಳ ನಡುವೆ ಈ ಹೋಲಿಕೆ ನಡೆಯದು, ನೆರಳಿನ ಬಂಡೆ ಕಪ್ಪಾಗುವ ವೇಗ ಬೇರೆ. ಒಂದು ಗೆರೆ ಇನ್ನೊಂದನ್ನು ಕತ್ತರಿಸಿ ಹೋಗಿದ್ದರೆ ಇನ್ನೂ ಗಟ್ಟಿ ಸಾಕ್ಷಿ: ಕತ್ತರಿಸಿದ್ದು ಆಮೇಲಿನದು. ಇದನ್ನು ಮೇಲ್ಚಿತ್ರಣ ಎಂದು ಗುರುತು ಹಾಕಿಕೊಳ್ಳಿ.

ಚಿತ್ರ ಎದ್ದು ಕಾಣಲಿ ಎಂದು ನೀರು ಚಿಮುಕಿಸುವುದು, ಸೀಮೆಸುಣ್ಣದಿಂದ ಗೆರೆ ತೀಡುವುದು ಬೇಡವೇ ಬೇಡ. ನೀರು ಕಾವಿಯ ಮೇಲೆ ಉಪ್ಪಿನ ಪೊರೆ ಕಟ್ಟಿಸುತ್ತದೆ. ಸೀಮೆಸುಣ್ಣದ ಗೆರೆಯಂತೂ ಬಿಡಿಸಿದವರ ಊಹೆ. ಮುಂದಿನವರು ಅದನ್ನೇ ಮೂಲವೆಂದು ನಕಲು ಮಾಡಿಕೊಳ್ಳುತ್ತಾರೆ.

ಕುಪ್ಪಗಲ್ಲಿನ ಸುತ್ತಮುತ್ತ, ಕುಡತಿನಿಯಲ್ಲಿ ಕಾಣುವ ಬೂದಿಗುಡ್ಡವೂ ಈ ಗೂಳಿಗಳಲ್ಲಿ ಹಲವನ್ನು ಕುಟ್ಟಿದ ನವಶಿಲಾಯುಗದ ದನಗಾಹಿಗಳದೇ. ದನದ ಸಗಣಿ ರಾಶಿಬಿದ್ದು, ಮತ್ತೆ ಮತ್ತೆ ಸುಟ್ಟು, ಕೆಲವೆಡೆ ಗಾಜಿನಂತೆ ಕರಗಿ ಗಟ್ಟಿಯಾದದ್ದು. ಕಬ್ಬಿಣ ಕರಗಿಸಿದ ಕಿಟ್ಟವೆಂದು ತಪ್ಪು ತಿಳಿಯುವುದುಂಟು. ಕಿಟ್ಟ ಕೈಗೆತ್ತಿಕೊಂಡರೆ ಭಾರ, ಬೂದಿಗಟ್ಟಿ ಹಗುರ, ತೂತುತೂತು.

ಬೃಹತ್ ಶಿಲಾ ಸಮಾಧಿ: ನೆಲದ ಮೇಲೋ, ಕೆಳಗೋ

ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಸುಮಾರು 400 ಕಟ್ಟಡಗಳಿವೆ. ಕಬ್ಬಿಣಯುಗದವು, ಕ್ರಿ.ಪೂ. 800ರಿಂದ 200ರ ನಡುವಿನವೆಂದು ಸಾಮಾನ್ಯ ಲೆಕ್ಕ. ಮೇಲಕ್ಕೆ ವಾಹನ ಹೋಗದು, ನಡೆದೇ ಹತ್ತಬೇಕು. ನೀರು ಹೊತ್ತುಕೊಂಡು ಹೋಗಿ.

ಎಲ್ಲವನ್ನೂ ‘ಗೋರಿ’ ಎಂದು ಬರೆದರೆ ಕೆಲಸ ಕೆಡುತ್ತದೆ. ಹೀಗೆ ಬಿಡಿಸಿ. ಕಟ್ಟಡದ ಕೋಣೆ ಪೂರ್ತಿ ನೆಲದ ಮೇಲಿದ್ದರೆ ಅದು ಕಲ್ಗೋರಿ, ಅಂದರೆ ಡಾಲ್ಮೆನ್. ಕೋಣೆ ಪೂರ್ತಿ ನೆಲದೊಳಗೆ ಹೂತು, ಮೇಲೆ ಬರೀ ಕಲ್ಲುಗುಪ್ಪೆ ಅಥವಾ ಗುಂಡುಗಳ ಸುತ್ತು ಕಂಡರೆ ಅದು ಶಿಲಾಪೆಟ್ಟಿಗೆ, ಸಿಸ್ಟ್. ಅರ್ಧ ಒಳಗೆ ಅರ್ಧ ಹೊರಗೆ ಇದ್ದರೆ ಎರಡರ ನಡುವಿನದು. ಮಣ್ಣು ಕೊಚ್ಚಿಹೋಗಿ ಶಿಲಾಪೆಟ್ಟಿಗೆಯೂ ಹೊರಬಿದ್ದಿರಬಹುದು. ಹಾಗಾಗಿ ಚಪ್ಪಡಿಯ ಬುಡ ನೋಡಿ: ಕೆಳಗಿನ ಭಾಗದ ಬಣ್ಣ ಮೇಲಿನದಕ್ಕಿಂತ ಬೇರೆಯಿದ್ದರೆ ಒಮ್ಮೆ ಅಲ್ಲಿತನಕ ಮಣ್ಣಿತ್ತು. ಹಿರೇಬೆಣಕಲ್ಲಿನಲ್ಲಿ ಹಲವು ಕಟ್ಟಡಗಳು ಬೋಳುಬಂಡೆಯ ಮೇಲೇ ನಿಂತಿರುವುದರಿಂದ ಈ ಗೊಂದಲ ಕಡಿಮೆ.

ಸುತ್ತಲೂ ಗುಂಡುಗಳನ್ನಿಟ್ಟದ್ದು ಶಿಲಾವೃತ್ತ. ಒಂಟಿಯಾಗಿ ನೆಟ್ಟ ಎತ್ತರದ ಕಲ್ಲು ನಿಲಸುಗಲ್ಲು, ಶಿವಮೊಗ್ಗ ಜಿಲ್ಲೆಯ ನಿಲಸ್ಕಲ್ ಊರಿನ ಹೆಸರಿನಲ್ಲೇ ಅದಿದೆ. ವೀರಗಲ್ಲನ್ನು ನಿಲಸುಗಲ್ಲು ಅನ್ನಬೇಡಿ. ಕೆತ್ತನೆ, ಅಕ್ಷರ ಇದ್ದರೆ ಅದು ಬಹಳ ಈಚಿನದು.

ಒಂದು ಕಲ್ಗೋರಿಯ ಹತ್ತಿರ ಹೋಗಿ ಕೂತು ನೋಡಿ. ನೆಟ್ಟ ಚಪ್ಪಡಿಗಳು ಮೂರು ಅಥವಾ ನಾಲ್ಕು, ಮೇಲೆ ಮುಚ್ಚುಗಲ್ಲು, ಬುಡದಲ್ಲಿ ಅಲುಗದಂತೆ ಸಿಕ್ಕಿಸಿದ ಚೂರುಗಲ್ಲು. ಒಂದು ಚಪ್ಪಡಿಯಲ್ಲಿ ದುಂಡನೆಯ ಕಂಡಿ ಇರುತ್ತದೆ, ಅದಕ್ಕೆ ಪೋರ್ಟ್‌ಹೋಲ್ ಎಂಬ ಹೆಸರು ರೂಢಿಯಾಗಿದೆ. ಕಂಡಿಯ ಅಂಚಿಗೆ ಪಕ್ಕದಿಂದ ಟಾರ್ಚು ಬಿಡಿ: ಕುಟ್ಟಿ ಕುಟ್ಟಿ ತೆಗೆದ ಸಣ್ಣ ಗುಳಿಗಳು ಕಾಣುತ್ತವೆ. ದಿಕ್ಸೂಚಿ ಹಿಡಿದು ಕಂಡಿಯ ದಿಕ್ಕು ಬರೆದುಕೊಳ್ಳಿ. ಒಂದೇ ಕಟ್ಟಡದ ದಿಕ್ಕಿನಿಂದ ಏನೂ ತಿಳಿಯದು, ಇಪ್ಪತ್ತು ಮೂವತ್ತು ಸೇರಿದಾಗ ಮಾತ್ರ ಪದ್ಧತಿ ಇತ್ತೇ ಇಲ್ಲವೇ ಹೇಳಬಹುದು.

ಚಪ್ಪಡಿಗಳು ಮೂಲೆಯಲ್ಲಿ ಹೇಗೆ ಸೇರುತ್ತವೆ ಎಂಬುದನ್ನು ಮೇಲಿನಿಂದ ನೋಡಿದಂತೆ ಚಿತ್ರಿಸಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆಸಿದ ಶಿಲಾಪೆಟ್ಟಿಗೆಗಳಲ್ಲಿ ಪ್ರತಿ ಚಪ್ಪಡಿಯ ಒಂದು ತುದಿ ಮುಂದಿನ ಚಪ್ಪಡಿಯನ್ನು ದಾಟಿ ಚಾಚಿದೆ, ಒಟ್ಟು ಸ್ವಸ್ತಿಕದ ಆಕಾರ. ಇದು ಅಲಂಕಾರಕ್ಕಲ್ಲ. ಹೊರಗಿನ ಮಣ್ಣು ಒಳಕ್ಕೆ ದೂಡಿದಾಗ ಒಂದು ಚಪ್ಪಡಿಗೆ ಇನ್ನೊಂದು ಅಡ್ಡ ನಿಲ್ಲುತ್ತದೆ, ಪೆಟ್ಟಿಗೆ ಒಳಕುಸಿಯದು. ಮೂಲೆಗೆ ಮೂಲೆ ತಾಗಿಸಿ ಚೌಕ ಬರೆದುಕೊಂಡು ಬಂದರೆ ಇಡೀ ಜಾಣ್ಮೆಯೇ ಚಿತ್ರದಿಂದ ಬಿಟ್ಟುಹೋಗುತ್ತದೆ.

ಹಿರೇಬೆಣಕಲ್ಲಿನ ಎತ್ತರದ ಬಂಡೆಯ ಮೇಲೆ ನಗಾರಿ ಎಂದು ಕರೆಯುವ ಅರ್ಧಗೋಳದ ಕಲ್ಲಿದೆ, ಬಡಿದರೆ ದೂರಕ್ಕೆ ಸದ್ದು ಹೋಗುತ್ತದೆ. ಕಲ್ಲಿನಿಂದ ಬಡಿದು ಪರೀಕ್ಷಿಸಬೇಡಿ, ಬಡಿದವರ ಗುರುತು ಈಗಾಗಲೇ ಸಾಕಷ್ಟಿದೆ.

ಸ್ತೂಪದ ಪದಗಳಿಗೆ ಒಂದು ಅಡ್ಡದಾರಿ

ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿಯ ಬೌದ್ಧ ಸ್ತೂಪ ಬಿದ್ದುಹೋಗಿದೆ, ಪೂರ್ತಿ ಆಕಾರ ಅಲ್ಲಿ ಕಾಣುವುದಿಲ್ಲ. ಆದರೆ ಸುಣ್ಣಕಲ್ಲಿನ ಫಲಕಗಳ ಮೇಲೆ ಸ್ತೂಪವನ್ನೇ ಕೆತ್ತಿದ್ದಾರೆ, ಅದೇ ನಿಮ್ಮ ನಕ್ಷೆ. ಕೆಳಗಿನ ದುಂಡು ಕಟ್ಟೆ ಮೇಧಿ, ಅದರ ಮೇಲಿನ ಗುಮ್ಮಟ ಅಂಡ, ನೆತ್ತಿಯ ಚೌಕ ಕಟಕಟೆ ಹರ್ಮಿಕೆ, ಅದರೊಳಗಿಂದ ಎದ್ದದ್ದು ಛತ್ರದ ದಂಡ. ಸುತ್ತಲಿನ ಬೇಲಿ ವೇದಿಕೆ. ಇಂದು ವೇದಿಕೆ ಎಂದರೆ ಭಾಷಣದ ಕಟ್ಟೆ ಎಂದೇ ನಮಗೆ ಅಭ್ಯಾಸ, ಇಲ್ಲಿ ಅದು ಬೇಲಿ. ನಾಲ್ಕು ದಿಕ್ಕಿಗೆ ಮುಂಚಾಚಿದ ಕಟ್ಟೆ ಆಯಕ, ಕೃಷ್ಣೆಯ ಕೆಳಹರಿವಿನ ಆಂಧ್ರ ಸ್ತೂಪಗಳೊಂದಿಗೆ ನೆಂಟಸ್ತಿಕೆ ತೋರಿಸುವ ಅಂಗ. ‘ರಾಯ ಅಶೋಕ’ ಎಂಬ ಬರಹವಿರುವ ಉಬ್ಬುಶಿಲ್ಪ ಸಿಕ್ಕಿದ್ದೂ ಇಲ್ಲಿಯೇ.

ಗುಡಿ: ಕೆಳಗಿನಿಂದ ಮೇಲಕ್ಕೆ, ಮಧ್ಯೆ ಬಿಡದೆ

ಈಗ ಪಟ್ಟದಕಲ್ಲು. ಬಾದಾಮಿ ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ದಕ್ಷಿಣದ ಗೋಡೆಯೆದುರು ಹತ್ತು ಹೆಜ್ಜೆ ಹಿಂದೆ ನಿಲ್ಲಿ. ಪುಟದ ಕೆಳತುದಿಯಲ್ಲಿ ನೆಲದ ಗೆರೆ ಎಳೆಯಿರಿ. ಮೇಲಿನಿಂದ ಶುರುಮಾಡಿದವರು ಶಿಖರದ ಬೆಡಗಿಗೆ ಮನಸೋತು ಅಧಿಷ್ಠಾನಕ್ಕೆ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ.

ನೆಲಕ್ಕೆ ತಾಗಿದ ಚಪ್ಪಟೆ ಪಟ್ಟಿ ಉಪಾನ. ಹಲವು ಗುಡಿಗಳಲ್ಲಿ ಇದು ಮಣ್ಣಿನಲ್ಲೋ ಈಚಿನ ನೆಲಗಟ್ಟಿನಲ್ಲೋ ಮುಚ್ಚಿಹೋಗಿರುತ್ತದೆ, ಕಾಣದಿದ್ದರೆ ‘ಇಲ್ಲ’ ಎಂದು ಬರೆಯಬೇಡಿ, ‘ಕಾಣದು’ ಎಂದು ಬರೆಯಿರಿ. ಅದರ ಮೇಲಿನ ಎತ್ತರದ ನೇರ ಪಟ್ಟಿ ಜಗತಿ. ಮೇಲೆ ಉಬ್ಬಿದ್ದು ಕುಮುದ: ದುಂಡಗಿದ್ದರೆ ವೃತ್ತ ಕುಮುದ, ಮೂರು ಮುಖವಾಗಿ ಕಡಿದಿದ್ದರೆ ತ್ರಿಪಟ್ಟ ಕುಮುದ. ಎರಡನ್ನೂ ಬೇರೆ ಮಾಡುವುದು ನೆರಳು. ಬೆಳಗಿನ ಓರೆ ಬಿಸಿಲಿನಲ್ಲಿ ದುಂಡು ಕುಮುದದ ಮೇಲೆ ಬೆಳಕು ಮೆಲ್ಲಗೆ ಕಂದುತ್ತ ಇಳಿಯುತ್ತದೆ, ತ್ರಿಪಟ್ಟದ ಮೇಲೆ ಕತ್ತರಿಸಿದಂತೆ ಒಮ್ಮೆಗೇ ಕಪ್ಪಾಗುತ್ತದೆ. ಕುಮುದದ ಮೇಲೆ ಒಳಸರಿದ ಜಾಗ ಗಳ ಅಥವಾ ಕಂಠ. ಅದರ ಮೇಲೆ ಹೊರಚಾಚಿ ಬಾಗಿದ್ದು ಕಪೋತ. ಈ ಇಡೀ ಕಂತೆಗೆ ಅಧಿಷ್ಠಾನ ಎಂದು ಹೆಸರು. ಎಲ್ಲ ಗುಡಿಗಳಲ್ಲೂ ಎಲ್ಲ ಪಟ್ಟಿಗಳೂ ಇರುವುದಿಲ್ಲ, ಇಲ್ಲದ್ದಕ್ಕೆ ಪದ ಹುಡುಕಿ ತುರುಕಬೇಡಿ.

ಅಧಿಷ್ಠಾನದ ಮೇಲೆ ಭಿತ್ತಿ. ಗೋಡೆಯಿಂದ ಅರ್ಧ ಎದ್ದುಬಂದ ಕಂಬ ಅರೆಗಂಬ, ಶಿಲ್ಪವಿರುವ ಗೂಡು ದೇವಕೋಷ್ಠ, ಗೂಡಿನ ಮೇಲೆ ಮೊಸಳೆಬಾಯಿಂದ ಹೊರಟ ಬಳ್ಳಿಯ ಕಮಾನು ಮಕರತೋರಣ. ರಂಧ್ರಗಳ ಕಲ್ಲುಕಿಟಕಿ ಜಾಲಾಂಧ್ರ. ಜಾಲಾಂಧ್ರ ಕಂಡರೆ ಒಳಗೆ ಏನಿದೆ ಎಂದು ಕೇಳಿಕೊಳ್ಳಿ. ವಿರೂಪಾಕ್ಷದಲ್ಲಿ ಗರ್ಭಗೃಹದ ಸುತ್ತ ಒಳಪ್ರದಕ್ಷಿಣಾಪಥವಿದೆ, ಆ ಕತ್ತಲ ದಾರಿಗೆ ಬೆಳಕು ಬೇಕು. ಹೀಗೆ ಒಳಪ್ರದಕ್ಷಿಣೆ ಇರುವ ಗುಡಿ ಸಾಂಧಾರ, ಇಲ್ಲದ್ದು ನಿರಂಧಾರ. ಒಳಗೆ ಹೋಗಿ ಒಂದು ಸುತ್ತು ಬಂದೇ ಬರೆಯಿರಿ, ಹೊರಗಿನಿಂದ ಊಹಿಸಬೇಡಿ.

ಗೋಡೆಯ ತಲೆಯ ಮೇಲೆ ಮತ್ತೊಂದು ದೊಡ್ಡ ಕಪೋತ. ಕಪೋತ ಎಂದರೆ ಪಾರಿವಾಳ. ಇಲ್ಲಿ ಮಳೆನೀರನ್ನು ಗೋಡೆಯಿಂದಾಚೆ ಉದುರಿಸುವ ಬಾಗಿದ ಸೂರು. ಅದರ ಮೇಲೆ ಅಲ್ಲಲ್ಲಿ ಲಾಳಾಕಾರದ ಕಮಾನು ಕಾಣುತ್ತದೆ. ಅದಕ್ಕೆ ಕೂಡು, ನಾಸಿ, ಗವಾಕ್ಷ ಎಂದು ಮೂರು ಹೆಸರು. ಯಾವುದಾದರೂ ಸರಿ, ಆದರೆ ಒಂದೇ ಬರಹದಲ್ಲಿ ಒಂದನ್ನೇ ಬಳಸಿ. ಮೂಲದಲ್ಲಿ ಅದು ಮರ ಬಾಗಿಸಿ ಮಾಡಿದ ಮಾಡಿನ ಬೆಳಕಿಂಡಿ, ಕಲ್ಲಿಗೆ ಬಂದ ಮೇಲೆ ಬರೀ ಗುರುತಾಗಿ ಉಳಿಯಿತು. ಐಹೊಳೆಯ ಲಾಡಖಾನ್ ಗುಡಿಯ ಮಾಡಿನಲ್ಲಿ ಇದೇ ಮರದ ನೆನಪು ಕೆಲಸಕ್ಕೂ ಬಂದಿದೆ: ಓರೆ ಚಪ್ಪಡಿಗಳ ಸಂದಿನ ಮೇಲೆ ಉದ್ದ ಮರದ ತುಂಡಿನಂಥ ಕಲ್ಲುಪಟ್ಟಿಗಳನ್ನು ಕೂರಿಸಿ ಮಳೆನೀರು ತಡೆದಿದ್ದಾರೆ.

ಕಪೋತದ ಮೇಲಿನ ಪುಟ್ಟ ಪುಟ್ಟ ಗುಡಿಗಳ ಸಾಲು ಹಾರ. ಮೂಲೆಯಲ್ಲಿ ಚೌಕದ್ದು ಕೂಟ, ನಡುವೆ ಗಾಡಿಯ ಕಮಾನಿನಂತೆ ಉದ್ದನೆಯದು ಶಾಲೆ, ಎರಡರ ನಡುವೆ ಇಕ್ಕಟ್ಟಿನದು ಪಂಜರ. ಇಂಥ ಒಂದೊಂದು ಅಂತಸ್ತು ಒಂದೊಂದು ತಲ. ಗೋಡೆಯ ತಲವನ್ನೂ ಸೇರಿಸಿ ಎಣಿಸಬೇಕು, ಅದನ್ನು ಬಿಟ್ಟು ಎಣಿಸಿ ತ್ರಿತಲವನ್ನು ದ್ವಿತಲ ಮಾಡುವುದು ಸಾಮಾನ್ಯ ತಪ್ಪು. ಕೊನೆಗೆ ಕುತ್ತಿಗೆಯಂತೆ ಒಳಸರಿದ ಗ್ರೀವ, ಅದರ ಮೇಲೆ ಶಿಖರ, ತುದಿಗೆ ಸ್ತೂಪಿ ಅಥವಾ ಕಲಶ.

ಒಂದೇ ಪದ, ಎರಡು ಅರ್ಥ: ಮೂರು ಗುಂಡಿಗಳು

ಶಿಖರ ಮೊದಲನೆಯದು. ದ್ರಾವಿಡ ವಿಮಾನದಲ್ಲಿ, ಅಂದರೆ ಮೇಲೆ ನೋಡಿದಂತೆ ತಲತಲವಾಗಿ ಏಳುವುದರಲ್ಲಿ, ಗ್ರೀವದ ಮೇಲಿನ ಟೋಪಿ ಮಾತ್ರ ಶಿಖರ. ನಾಗರ ಗುಡಿಯಲ್ಲಿ ಗೋಡೆಯ ಮೇಲಿನ ಬಾಗಿದ ಮೈಯೆಲ್ಲ ಶಿಖರ. ‘ಶಿಖರ ಚೌಕವಾಗಿದೆ’ ಎಂದಷ್ಟೇ ಬರೆದರೆ ಓದುವವರಿಗೆ ಏನೂ ಗೊತ್ತಾಗದು, ಶೈಲಿಯನ್ನು ಮೊದಲು ಹೇಳಿ.

ಶೈಲಿಯ ಹೆಸರೇ ಎರಡನೆಯ ಗುಂಡಿ. ದಕ್ಷಿಣದ ಕೆಲವು ಶಿಲ್ಪಗ್ರಂಥಗಳಲ್ಲಿ ನಾಗರ, ದ್ರಾವಿಡ, ವೇಸರ ಎಂಬುವು ಶಿಖರದ ಆಕಾರಗಳು: ಚೌಕವಾದರೆ ನಾಗರ, ಎಂಟುಮುಖವಾದರೆ ದ್ರಾವಿಡ, ದುಂಡಾದರೆ ವೇಸರ. ಆ ಲೆಕ್ಕ ಹಿಡಿದರೆ ಚೌಕ ಶಿಖರದ ವಿರೂಪಾಕ್ಷ ‘ನಾಗರ’ವಾಗುತ್ತದೆ, ಪಕ್ಕದಲ್ಲೇ ಅದೇ ಅಚ್ಚಿನಲ್ಲಿ ಎದ್ದು ದುಂಡು ಶಿಖರ ಹೊತ್ತ ಮಲ್ಲಿಕಾರ್ಜುನ ‘ವೇಸರ’! ಇಂದಿನ ಬರಹಗಳಲ್ಲಿ ಎರಡೂ ದ್ರಾವಿಡ. ನೀವು ಓದುತ್ತಿರುವ ಪುಸ್ತಕ ಯಾವ ಲೆಕ್ಕದಲ್ಲಿ ಮಾತಾಡುತ್ತಿದೆ ಎಂದು ನೋಡದೆ ನಕಲು ಮಾಡಿದರೆ ಇಂಥ ಪೇಚು ತಪ್ಪಿದ್ದಲ್ಲ.

ಶುಕನಾಸಿ ಮೂರನೆಯದು. ವಿಮಾನದ ಮುಂಭಾಗದಿಂದ ಮೂಗಿನಂತೆ ಚಾಚಿದ ಭಾಗಕ್ಕೂ ಶುಕನಾಸಿ, ಅದರ ಕೆಳಗೆ ಗರ್ಭಗೃಹದ ಮುಂದಿರುವ ಪುಟ್ಟ ಕೋಣೆಗೂ ಕನ್ನಡದ ಬಹಳ ಲೇಖಕರು ಶುಕನಾಸಿ ಎನ್ನುತ್ತಾರೆ. ಕೋಣೆಗೆ ಅಂತರಾಳ ಎಂಬ ಪದವಿದೆ, ಅದನ್ನು ಬಳಸಿ ಶುಕನಾಸಿಯನ್ನು ಮೇಲಿನದಕ್ಕೆ ಬಿಟ್ಟರೆ ಜಗಳವಿಲ್ಲ. ಇದು ಕಾಲಗಣನೆಗೂ ಬೇಕಾದ ಪದ: ಪಟ್ಟದಕಲ್ಲಿನಲ್ಲಿ ವಿಕ್ರಮಾದಿತ್ಯನ ತಂದೆ ವಿಜಯಾದಿತ್ಯನ ಕಾಲದ ಸಂಗಮೇಶ್ವರ ಗುಡಿಗೆ ಮೂಗಿಲ್ಲ, ಮುಂದಿನ ತಲೆಮಾರಿನ ವಿರೂಪಾಕ್ಷಕ್ಕೆ ಇದೆ.

ನಾಗರ ಗುಡಿ ಓದಲು ಅದೇ ಆವರಣದ ಗಳಗನಾಥ, ಕಾಶಿವಿಶ್ವನಾಥ ಸಾಕು. ಒಂದು ಬದಿಯಲ್ಲಿ ಕೆಳಗಿನಿಂದ ಮೇಲಕ್ಕೆ ಹೋದ ಉಬ್ಬುಮುಖಗಳನ್ನು ಎಣಿಸಿ: ಮೂರಾದರೆ ತ್ರಿರಥ, ಐದಾದರೆ ಪಂಚರಥ. ನಡುವಿನದು ಮಧ್ಯಲತೆ. ಮೂಲೆಗಳಲ್ಲಿ ನೆಲ್ಲಿಕಾಯಿಯ ಹೋಳಿನಂತೆ ಗೀರುಗೀರಾದ ಕಲ್ಲು ಭೂಮಿ ಆಮಲಕ, ಅವುಗಳ ಲೆಕ್ಕವೇ ಅಂತಸ್ತಿನ ಲೆಕ್ಕ. ನೆತ್ತಿಯ ದೊಡ್ಡದು ಆಮಲಕ. ಐಹೊಳೆಯ ದುರ್ಗ ಗುಡಿಯ ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿದೆ, ಗಜಪೃಷ್ಠ. ಅದರ ಮೇಲೆ ಕೂತದ್ದು ನಾಗರ ಶಿಖರ. ನಕ್ಷೆಯ ಪದವೂ ಶಿಖರದ ಪದವೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಬಾಗಿಲು, ಕಂಬ, ಗುಹೆ

ಬಾಗಿಲವಾಡದ ಪಟ್ಟಿಗಳು ಶಾಖೆ. ಒಂದೇ ಪಕ್ಕದಲ್ಲಿ ಎಣಿಸಿ, ಎರಡೂ ಪಕ್ಕ ಕೂಡಿಸಬೇಡಿ. ಮೇಲಿನ ಅಡ್ಡಕಲ್ಲಿನ ನಡುವಿನ ಬಿಂಬ ಲಲಾಟಬಿಂಬ. ಅಲ್ಲಿ ಗರುಡ ಕಂಡೊಡನೆ ವಿಷ್ಣುವಿನ ಗುಡಿ ಎಂದು ತೀರ್ಮಾನಿಸಬೇಡಿ, ಬಾದಾಮಿ ಚಾಲುಕ್ಯರ ಶಿವನ ಗುಡಿಗಳ ಮೇಲೂ ಹಾವು ಹಿಡಿದ ಗರುಡ ಕೂರುತ್ತಾನೆ. ಪೂರ್ವಮುಖದ ಗುಡಿಯಲ್ಲಿ ಅಭಿಷೇಕದ ನೀರು ಹೊರಬರುವ ಪ್ರಣಾಲ ಸಾಮಾನ್ಯವಾಗಿ ಉತ್ತರದ ಗೋಡೆಯಲ್ಲಿ. ದಿಕ್ಸೂಚಿ ಕೈಕೊಟ್ಟರೆ ಅದೇ ದಾರಿ ತೋರಿಸುತ್ತದೆ.

ಕಂಬದಲ್ಲಿ ಪೀಠ, ಕಾಂಡ, ಕಲಶ, ಕುಂಭ, ಫಲಕ, ಅದರ ಮೇಲೆ ಎರಡೂ ಕಡೆ ತೋಳು ಚಾಚಿದ ಬೋದಿಗೆ, ಬೋದಿಗೆಯ ಮೇಲೆ ತೊಲೆ. ಕಲ್ಲು ಭಾರ ಹೊರುತ್ತದೆ, ಬಾಗುವುದನ್ನು ತಾಳದು. ಉದ್ದದ ತೊಲೆ ನಡುವೆ ಕೆಳಗಿನಿಂದ ಸೀಳುತ್ತದೆ. ಬೋದಿಗೆಯ ತೋಳು ಎರಡು ಕಂಬಗಳ ನಡುವಿನ ಆ ಬಯಲನ್ನು ಕಿರಿದು ಮಾಡುತ್ತದೆ. ಸೀಳು ಬಿಟ್ಟ ತೊಲೆ ಕಂಡರೆ ಎದುರುಬದುರು ಬೋದಿಗೆಗಳ ತುದಿಯಿಂದ ತುದಿಗೆ ಎಷ್ಟು ಅಂತರವೆಂದು ಅಳೆದುಕೊಳ್ಳಿ.

ಬಾದಾಮಿಯ ಗುಹಾಲಯಕ್ಕೆ ಹೋದಾಗ ಈ ಮಾತು ಬದಲಾಗುತ್ತದೆ. ಅಲ್ಲಿ ಕಂಬವನ್ನು ನಿಲ್ಲಿಸಿದ್ದಲ್ಲ, ಉಳಿಸಿದ್ದು. ತೊಲೆಯೂ ಬೋದಿಗೆಯೂ ಒಂದೇ ಮರಳುಗಲ್ಲಿನ ಗುಡ್ಡದ ಭಾಗ, ಛಾವಣಿಯಿಂದ ಕೆಳಕ್ಕೆ ಕಡಿಯುತ್ತ ಬಂದಾಗ ಬಿಟ್ಟ ಕಲ್ಲು. ‘ಕಟ್ಟಿದರು’ ಎಂಬ ಕ್ರಿಯಾಪದ ಅಲ್ಲಿ ಸಲ್ಲದು, ‘ಕಡಿದರು’ ಎನ್ನಿ.

ಮೂರನೆಯ ಗುಹೆಯಲ್ಲಿ ಚಾಲುಕ್ಯ ಅರಸುಮನೆತನದ ಮಂಗಳೇಶನ ಶಾಸನ ಶಕವರ್ಷ 500 ಎನ್ನುತ್ತದೆ. ಶಕವರ್ಷಕ್ಕೆ 78 ಕೂಡಿಸಿ: ಕ್ರಿ.ಶ. 578. ಐಹೊಳೆಯ ಮೇಗುಟಿ ಗುಡಿಯಲ್ಲಿ ಕವಿ ರವಿಕೀರ್ತಿಯ ಶಾಸನದ ಶಕ 556ಕ್ಕೆ ಇದೇ ಲೆಕ್ಕದಲ್ಲಿ 634 ಬರುತ್ತದೆ. ಆದರೆ ಶಕವರ್ಷ ಚೈತ್ರದಲ್ಲಿ ಹುಟ್ಟುವುದರಿಂದ ವರ್ಷದ ಕೊನೆಯ ತಿಂಗಳುಗಳು ಮುಂದಿನ ಇಸವಿಗೆ ಹೋಗುತ್ತವೆ, ಅದಕ್ಕೇ ಪುಸ್ತಕಗಳಲ್ಲಿ 634–35 ಎಂದು ಅಚ್ಚಾಗುವುದು.

ಗುಡಿಯಿಂದ ಹೊರಡುವ ಮೊದಲು ಪುಟದ ತುದಿಯಲ್ಲಿ ಒಂದು ಸಾಲು ತುಂಬಿ. ವಿರೂಪಾಕ್ಷಕ್ಕೆ ಅದು ಹೀಗಿರುತ್ತದೆ: ಪೂರ್ವಮುಖ, ಮರಳುಗಲ್ಲು, ಸಾಂಧಾರ, ಮಂಟಪಕ್ಕೆ ಪೂರ್ವ, ದಕ್ಷಿಣ, ಉತ್ತರದಲ್ಲಿ ಮುಖಮಂಟಪ, ಎದುರಿಗೆ ಬೇರೆಯಾಗಿ ನಂದಿಮಂಟಪ, ದ್ರಾವಿಡ ತ್ರಿತಲ ವಿಮಾನ, ಚೌಕ ಶಿಖರ, ಶುಕನಾಸಿ ಇದೆ, ಗೋಪುರ ಪೌಳಿಯ ಬಾಗಿಲಲ್ಲಿ ಮಾತ್ರ.